ಓದಿದವರಿಗೂ ತಿಳಿಯದ್ದು

ಸಾವಂತ್ರೆವ್ವ ಧಾರವಾಡದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕಸ ಗುಡಿಸಿ, ಗಾಜಿನ ಸಾಮಾನು ತೊಳೆಯುತ್ತಿದ್ದಳು. ಕೆಲಗೇರಿಯಿಂದ ನಡೆದೇ ಬರುವಳು. ಮಾತು ಕಡಿಮೆ. ಒಬ್ಬಳೇ ಮಗಳು ಸ್ನೇಹಲ್ ಒಂಬತ್ತರ ವಯಸ್ಸಿನಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋದಮೇಲೆ ಅದೂ ನಿಂತಹಾಗೆಯೇ ಆಗಿತ್ತು. ಜ್ವರ ಬರುವ ಹಿಂದಿನ ದಿನ ಅರಿವೆ ಒಗೆಯಲು ಮಗಳನ್ನು ಊರ ಕೆರೆಗೆ ಕರೆದೊಯ್ದವಳು ಅವಳೇ. ಆ ನೀರಿನಿಂದಲೇ ಹೀಗಾಯಿತೆಂದು ಅತ್ತೆ ಅಂದುಬಿಟ್ಟಳು. ಆಸ್ಪತ್ರೆಯಲ್ಲಿ ಕೇಳಿದರೆ, "ನಿನಗ ತಿಳಿಯೂದಿಲ್ಲ, ಹೋಗವಾ" ಎಂದು ಕಳಿಸಿದ್ದರು. ಓದಿದವರಿಗೆ ಎಲ್ಲ ಗೊತ್ತಿದೆ, ಅಕ್ಷರ ಬಾರದ ತನಗೆ ಹೇಳುತ್ತಿಲ್ಲ ಎಂದು ಹನ್ನೊಂದು ವರ್ಷ ನಂಬಿಕೊಂಡಿದ್ದಳು.

ಕಳೆದ ಶ್ರಾವಣದಲ್ಲಿ ಪ್ರೊಫೆಸರ್ ಪ್ರಭಾವತಿ ಕೆಲಗೇರಿ ಕೆರೆಯ ನೀರು ತರಿಸಿ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಕೆರೆಯ ಹೆಸರು ಕಿವಿಗೆ ಬಿದ್ದದ್ದೇ ಸಾವಂತ್ರೆವ್ವನ ಕೈಲಿದ್ದ ಕಸಬರಿಗೆ ನಿಂತಿತು.

"ನಾ ಒಂದೀಟ ನೋಡ್ಲೇನ್ರಿ?"

"ಅದಕ್ಕೇನ್, ಬರ್ರಿ."

ಹನಿ ನೀರಿನಲ್ಲಿ ಒಂದು ಜೀವ, ಕೂದಲೆಳೆಯಂಥ ಕಾಲು ಬಡಿಯುತ್ತ ತನ್ನಷ್ಟಕ್ಕೆ ತಿರುಗುತ್ತಿತ್ತು. ಅವಳು ಉಸಿರು ಬಿಗಿಹಿಡಿದು ನೋಡಿದಳು.

"ಇದಕ್ಕ ಏನಂತಾರ್ರಿ?"

"ನನಗ ಗೊತ್ತಿಲ್ಲ. ಪುಸ್ತಕದಾಗೂ ಸಿಗವಲ್ದು. ವಾರ ಆತು, ಹುಡುಕಾಕತ್ತೇನಿ."

ಸಾವಂತ್ರೆವ್ವ ತಲೆಯೆತ್ತಿ ಅವರ ಮುಖ ನೋಡಿದಳು. ಅಷ್ಟು ಓದಿದವರು ಗೊತ್ತಿಲ್ಲವೆಂಬ ಮಾತನ್ನು ಇಷ್ಟು ಸಹಜವಾಗಿ ಆಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಮರುದಿನ ಟ್ರಂಕಿನ ತಳದಲ್ಲಿದ್ದ ಆಸ್ಪತ್ರೆಯ ಕಾಗದಗಳನ್ನು ತಂದು ಅವರ ಮೇಜಿನ ಮೇಲಿಟ್ಟಳು. "ಇದರಾಗ ಇದ್ದದ್ದು ಇದ್ದಂಗ ಹೇಳ್ರಿ. ಏನೂ ಮುಚ್ಚಬ್ಯಾಡ್ರಿ."

ಪ್ರಭಾವತಿ ಒಂದೊಂದೇ ಹಾಳೆ ಓದಿದರು. "ಏನೇನೋ ಪರೀಕ್ಷೆ ಮಾಡ್ಯಾರ. ಏನೂ ಸಿಕ್ಕಿಲ್ಲ. ಕಡೀಗೆ, ಜ್ವರದ ಕಾರಣ ತಿಳಿದುಬಂದಿಲ್ಲ ಅಂತ ಬರದಾರ."

"ಅಂದ್ರ ಅವರಿಗೂ ಗೊತ್ತಿರಲಿಲ್ಲ?"

"ಇರಲಿಲ್ಲ."

"ಕೆರೀ ನೀರಿಂದ ಅಲ್ಲಾ ಹಂಗಾರ?"

ಪ್ರಭಾವತಿ ಹಾಳೆಗಳನ್ನು ಕೆಳಗಿಟ್ಟರು. ಅಲ್ಲ ಎಂದುಬಿಟ್ಟರೆ ಆ ತಾಯಿಗೆ ಸಮಾಧಾನವಾಗುತ್ತಿತ್ತು. "ಅಲ್ಲ ಅಂತ ಹೇಳಾಕ ನನಗ ಬರೂದಿಲ್ಲ, ಸಾವಂತ್ರೆವ್ವ. ಹೌದು ಅಂತ ಹೇಳಾಕ ಯಾರಿಗೂ ಬರೂದಿಲ್ಲ."

ಸಾವಂತ್ರೆವ್ವ ನೆಲದ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಕೇಳಿದಳು: "ಈಗರ ಯಾರರ ಹುಡುಕಾಕತ್ತಾರೇನ್ರಿ, ಅಂಥಾ ಜ್ವರಾ ಯಾಕ್ ಬರತಾವಂತ?"

"ಭಾಳ ಮಂದಿ ಹುಡುಕಾಕತ್ತಾರ."

"ಹುಡುಕ್ಲಿ," ಎಂದು ಎದ್ದಳು.

ಆ ಸಂಜೆ ಅತ್ತೆಗೆ ಬಡಿಸುತ್ತ, "ಸ್ನೇಹಲ್ ಯಾಕ್ ಹೋದ್ಲು ಅಂತ ಡಾಕ್ಟರಗೂ ಗೊತ್ತಿಲ್ಲಂತ್ರಿ, ಅತ್ತಿ. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ" ಅಂದಳು.

ಮುದುಕಿ ಎತ್ತಿದ ತುತ್ತನ್ನು ಗಂಗಾಳದಲ್ಲಿ ಬಿಟ್ಟಳು. "ಹೌದವಾ. ನನಗೇನ್ ಗೊತ್ತಿತ್ತು? ಸಂಕಟಕ್ಕ ಅಂದೆ."

ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಎತ್ತದ ಹೆಸರನ್ನು ಅಂದು ಇಬ್ಬರೂ ಎತ್ತಿದರು. ಚಂದ್ರ ನಮ್ಮ ಹಿಂದೆಯೇ ಯಾಕೆ ಬರುತ್ತಾನೆಂದು ಕೇಳಿ ಕೇಳಿ ಹುಡುಗಿ ಜೀವ ತಿನ್ನುತ್ತಿದ್ದದ್ದನ್ನು ಅತ್ತೆಯೇ ಹೇಳಿದಳು.