ಅಳತೆ ಪುಸ್ತಕದ ನೀಲಿ ಚುಕ್ಕೆ

ನನ್ನ ಅಕ್ಕ ಇಪ್ಪತ್ತೆರಡು ವರ್ಷ ಕಾಜಾ ಹೊಲಿದಳು. ಸಮವಸ್ತ್ರ ಹೊಲಿಯುವ ನಮ್ಮ ಅಂಗಡಿಯಲ್ಲಿ ಗುಂಡಿ ತೂರಿಸುವ ತೂತಿನ ಸುತ್ತ ದಾರ ಸುತ್ತುವುದು ಅವಳ ಕೆಲಸ, ಹೊಲಿದು ಮುಗಿದದ್ದಕ್ಕೆಲ್ಲ ಇಸ್ತ್ರಿ ಹಾಕುವುದು ನನ್ನ ಕೆಲಸ. ಅವಳ ಕಾಜಾ ಎಷ್ಟು ಅಚ್ಚುಕಟ್ಟೆಂದರೆ ಇಸ್ತ್ರಿ ಪೆಟ್ಟಿಗೆ ಅದರ ಮೇಲೆ ಹೋಗುವಾಗ ಒಂದು ಕಡೆಯೂ ತಡೆಯುತ್ತಿರಲಿಲ್ಲ. ಇದನ್ನು ಅವಳೆದುರು ನಾನು ಎಂದೂ ಹೇಳಿದವಳಲ್ಲ. ಅಕ್ಕಂದಿರನ್ನು ಹೊಗಳಿದರೆ ತಲೆಯ ಮೇಲೆ ಬಂದು ಕೂರುತ್ತಾರೆ.

ಆಮೇಲೆ ಅವಳ ಬಲ ಮಣಿಕಟ್ಟು ಕೈಕೊಟ್ಟಿತು. ಇನ್ನು ಸೂಜಿ ಹಿಡಿಯಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಂಗಡಿಯ ಯಜಮಾನಿ ಅವಳನ್ನು ಹಿಂದಿನ ಕೋಣೆಯಿಂದ ಮುಂದಿನ ಮೇಜಿಗೆ ತಂದು ಅಳತೆ ಬರೆಯಲು ಕೂರಿಸಿದರು. ಅಳತೆ ತೆಗೆಯುವವರು ಟೇಪಜ್ಜ. ಬಟ್ಟೆ ಕತ್ತರಿಸುವವರೂ ಅವರೇ. ಟೇಪು ಅವರ ಕುತ್ತಿಗೆಯಿಂದ ಇಳಿದದ್ದನ್ನು ನಾನಂತೂ ನೋಡಿಲ್ಲ, ಮದುವೆ ಫೋಟೋದಲ್ಲೂ ಇದೆಯಂತೆ. ಅವರು ಕೂಗುತ್ತಿದ್ದರು, ಅಕ್ಕ ಬರೆಯುತ್ತಿದ್ದಳು. ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಉಳಿದ ಹೊತ್ತು ಮೇಜಿನ ಧೂಳು ಒರೆಸುತ್ತ, ಪುಸ್ತಕದ ಧೂಳು ಒರೆಸುತ್ತ ಕೂತಿರುತ್ತಿದ್ದಳು. ಸುಮ್ಮನೆ ಕೂತರೆ ಅವಳಿಗೆ ಮೈಯಲ್ಲಿ ಜ್ವರ ಬಂದ ಹಾಗಾಗುತ್ತದೆ.

ಆ ಮೇಜಿನ ಮೇಲೆ ಬಿಲ್ಲು ಬರೆಯುವುದಕ್ಕೆಂದು ತಂದ ಹಳೆಯ ಕಂಪ್ಯೂಟರ್ ಇತ್ತು. ಟೇಪಜ್ಜ ಇತ್ತೀಚೆಗೆ ಬಹಳ ನಿಧಾನವಾಗಿದ್ದರು. ಕಣ್ಣು ಮಂಜಾಗಿದೆ ಎನ್ನುತ್ತಿದ್ದರು. ಎದೆಯ ಅಳತೆಯನ್ನು ನಾಲ್ಕರಿಂದ ಭಾಗಿಸಿ, ಸಡಿಲಕ್ಕೆ ಇಷ್ಟು, ಹೊಲಿಗೆಗೆ ಇಷ್ಟು ಎಂದು ಮನಸ್ಸಿನಲ್ಲೇ ಕೂಡಿಸಿ ಬಟ್ಟೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಷ್ಟರಲ್ಲಿ ಅರ್ಧ ಬೆಳಗು ಕಳೆಯುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಅಕ್ಕ ಕೇಳಿದಳು: "ಕೋಟು ಯಾರದಾದ್ರೂ ಅದೇ ಲೆಕ್ಕ ಅಲ್ವೇನೇ? ಕಂಪ್ಯೂಟರಿಗೆ ಹೇಳಿಕೊಟ್ರೆ ಮಾಡಲ್ವಾ?"

"ಮೊದ್ಲು ಫೋನಲ್ಲಿ ನೆಟ್ಟಗೆ ಒಂದು ಫೋಟೋ ತೆಗೆಯೋದು ಕಲಿ" ಎಂದೆ ನಾನು. ಅವಳು ತೆಗೆದ ಫೋಟೋಗಳಲ್ಲಿ ನಮಗೆ ಯಾರಿಗೂ ತಲೆಯಿಲ್ಲ.

ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನೇರ ಹೋಗಿ ನಾದಿನಿಯನ್ನು ಕೇಳಿದಳು. ಭಾವನ ತಂಗಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಂ ಓದಿ ತಪ್ಪು ಹುಡುಕುತ್ತಾಳೆ. ತಪ್ಪು ಹುಡುಕುವುದು ನಾದಿನಿಯರಿಗೆ ಹುಟ್ಟಿನಿಂದ ಬಂದದ್ದು, ಇವಳಿಗೆ ಅದಕ್ಕೆ ಸಂಬಳವೂ ಸಿಗುತ್ತದೆ. ಇಬ್ಬರ ನಡುವೆ ಅಲ್ಲಿಯವರೆಗೆ ಮಾತುಕತೆ ಅಷ್ಟಕ್ಕಷ್ಟೆ. ಆದರೂ ಪ್ರತಿ ಭಾನುವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಪಾಠ ಶುರುವಾಯಿತು. ಹೆಂಡತಿ ಮತ್ತು ತಂಗಿ ಒಂದೇ ಪರದೆಗೆ ಮೂಗು ಹಚ್ಚಿ ಕೂತದ್ದನ್ನು ಕಂಡ ಭಾವ ಚಪ್ಪಲಿ ಮೆಟ್ಟಿ ಹೊರಗೆ ಹೋದರೆ ಮಧ್ಯಾಹ್ನಕ್ಕೇ ವಾಪಸು.

ನಾನು ತರಕಾರಿ ಹೆಚ್ಚುವ ನೆಪದಲ್ಲಿ ಅಲ್ಲೇ ಇರುತ್ತಿದ್ದೆ. ಮೊದಲ ತಿಂಗಳು ಅಕ್ಕ ಎಲ್ಲ ಅಳತೆಗೂ ಎ, ಬಿ, ಸಿ ಎಂದು ಹೆಸರಿಟ್ಟಿದ್ದಳು. "ಅತ್ತಿಗೆ, ಈ ಬಿ ಯಾರು? ನಿಮ್ಮ ಕಡೆ ನೆಂಟರಾ?" ಎಂದು ನಾದಿನಿ ಕೇಳಿದಳು. ಅಕ್ಕ ಯೋಚಿಸಿದಳು, ತಾನೇ ಬರೆದ ಬಿ ಯಾರೆಂದು ಅವಳಿಗೂ ನೆನಪಾಗಲಿಲ್ಲ. ಅಂದಿನಿಂದ ಭುಜಕ್ಕೆ ಭುಜ, ತೋಳಿಗೆ ತೋಳು ಎಂದೇ ಬರೆದಳು. ಎರಡನೆಯ ಚಾಳಿ ಬಿಡಿಸುವುದು ಇನ್ನೂ ಕಷ್ಟವಾಯಿತು. ಎಲ್ಲಾದರೂ ತಪ್ಪು ಬಂದರೆ ಅದನ್ನು ಬಿಟ್ಟು ಅದರ ಮೇಲೆ ಮತ್ತೊಂದು ಸಾಲು ಬರೆದು ಮುಚ್ಚುತ್ತಿದ್ದಳು. ನಾದಿನಿ ಗದರಿದಳು: "ತೇಪೆ ಹಾಕ್ಬೇಡಿ. ಬಿಚ್ಚಿ, ಮತ್ತೆ ಹೊಲೀರಿ." ಹೊಲಿಗೆ ಬಿಚ್ಚುವುದೆಂದರೆ ಅಕ್ಕನಿಗೆ ಕರುಳು ಬಿಚ್ಚಿದಂತೆ. ಆದರೂ ಕಲಿತಳು. ಎಂಟು ತಿಂಗಳಾಗುವಷ್ಟರಲ್ಲಿ ನೂರು ಸಾಲು ಇದ್ದದ್ದನ್ನು ಮೂವತ್ತಕ್ಕೆ ಇಳಿಸಿ ಯಾರೋ ಮಗು ಹೆತ್ತವರ ಹಾಗೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದಳು.

ಒಂದು ನೋಟುಪುಸ್ತಕ ಇಟ್ಟಿದ್ದಳು. ಪ್ರೋಗ್ರಾಂ ಓಡಿಸುವ ಮುಂಚೆ ಏನು ಉತ್ತರ ಬರಬೇಕು ಎಂದು ಅದರಲ್ಲಿ ಬರೆಯುತ್ತಿದ್ದಳು, ಓಡಿಸಿದ ಮೇಲೆ ಏನು ಬಂತು, ಯಾಕೆ ತಪ್ಪಿತು ಎಂದು ಕೆಳಗೆ. ನಾನು ಕದ್ದು ಓದಿದ್ದೇನೆ. ಒಂದು ಪುಟದಲ್ಲಿ "ಎಡ ತೋಳು ಮರೆತೆ, ಎಲ್ಲರಿಗೂ ಒಂದೇ ಕೈ" ಎಂದಿತ್ತು.

ಎರಡು ವರ್ಷವಾಗುತ್ತ ಬಂದಾಗ ಆಸ್ಪತ್ರೆಯೊಂದರಿಂದ ಮೂವತ್ತಾರು ಕೋಟುಗಳ ಆರ್ಡರು ಬಂತು. ಯಜಮಾನಿ ಅಕ್ಕನನ್ನು ಕರೆದರು. "ಮೊದ್ಲು ಐದು ಕೋಟು ನಿನ್ನ ಪ್ರೋಗ್ರಾಂ ಹೇಳಿದ ಹಾಗೇ ಕತ್ತರಿಸೋಣ. ಚೆನ್ನಾಗಿ ಕೂತ್ರೆ ಈ ಮೇಜು ನಿಂದು. ಇಲ್ಲಾಂದ್ರೆ... ನೀನೇ ಹೇಳು, ದಿನಕ್ಕೆ ಒಂದು ಗಂಟೆ ಕೆಲಸಕ್ಕೆ ಒಬ್ರನ್ನ ಎಷ್ಟು ದಿನ ಇಟ್ಕೊಳ್ಳಲಿ?"

ಅವರು ಕೆಟ್ಟವರಲ್ಲ, ಹೇಳಿದ್ದು ನಿಜ. ಆದರೂ ಆ ದಿನ ನಾನು ಅವರ ಸೀರೆಗೆ ಇಸ್ತ್ರಿ ಹಾಕಲಿಲ್ಲ.

ಪ್ರೋಗ್ರಾಂ ಕತ್ತರಿಸುವ ಅಳತೆಯ ಹಾಳೆ ಕೊಟ್ಟಿತು, ಟೇಪಜ್ಜ ಮರುಮಾತಿಲ್ಲದೆ ಹಾಳೆಯಲ್ಲಿ ಇದ್ದಂತೆ ಕತ್ತರಿಸಿದರು. ಮೂರು ಕೋಟುಗಳು ಅಚ್ಚಿನಲ್ಲಿ ತೆಗೆದಂತೆ ಕೂತವು. ಉಳಿದೆರಡಕ್ಕೆ ಸೊಂಟದ ಗುಂಡಿ ಹತ್ತಲೇ ಇಲ್ಲ. ಅದರಲ್ಲೊಂದನ್ನು ತೊಟ್ಟ ನರ್ಸು, ಒಂದು ವಾರದಲ್ಲಿ ತಾನೇ ಊದಿಹೋದೆನೇನೋ ಎಂದು ಕನ್ನಡಿಯ ಮುಂದೆ ಮುಖ ಚಿಕ್ಕದು ಮಾಡಿಕೊಂಡು ನಿಂತಳು. ಅಕ್ಕನ ಮುಖ ಅವಳದಕ್ಕಿಂತ ಚಿಕ್ಕದಾಗಿತ್ತು. ಯಜಮಾನಿ "ಸೋಮವಾರ ನೋಡೋಣ" ಎಂದಷ್ಟೇ ಹೇಳಿದರು. ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ತಿರುಗಿ ಬಯ್ಯಬಹುದಿತ್ತು.

ಭಾನುವಾರ ಅಕ್ಕ ಮೂವತ್ತು ಸಾಲುಗಳನ್ನೂ ಕಣ್ಣಲ್ಲಿ ಕಣ್ಣಿಟ್ಟು ಓದಿದಳು. ಎಲ್ಲೂ ತಪ್ಪಿಲ್ಲ. ಕೊನೆಗೆ "ಸೊಂಟಕ್ಕೆಲ್ಲ ಒಂದೊಂದು ಇಂಚು ಸೇರಿಸಿಬಿಡ್ಲಾ?" ಎಂದಳು.

"ಮತ್ತೆ ತೇಪೆ!" ನಾದಿನಿ ಅವಳ ಕೈ ಹಿಡಿದಳು. "ಪ್ರೋಗ್ರಾಂ ಮುಟ್ಬೇಡಿ ಅತ್ತಿಗೆ. ನಿಮಗೆ ಚೆನ್ನಾಗಿ ಗೊತ್ತಿರೋ ಒಬ್ಬರ ಅಳತೆ ಹಾಕಿ ನೋಡಿ."

ಅಕ್ಕ ತಿರುಗಿ ನನ್ನನ್ನು ನೋಡಿದಳು.

ಅಂಗಡಿಯಲ್ಲಿ ಕೆಲಸ ಮಾಡುವವರಿಗೂ ಒಂದೊಂದು ಕೋಟು ಇದೆ, ನನ್ನದನ್ನು ಟೇಪಜ್ಜ ಐದು ವರ್ಷದ ಹಿಂದೆ ಅಳೆದಿದ್ದರು. ಇಂದಿಗೂ ಹೇಳಿ ಮಾಡಿಸಿದಂತೆ ಕೂರುತ್ತದೆ. ಸೊಂಟ ಮೂವತ್ತೆರಡು. ಐದು ವರ್ಷದಿಂದ ನಾನದನ್ನು ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಅಕ್ಕ ಟೇಪು ಸುತ್ತಿ ನೋಡಿ, "ಮೂವತ್ತನಾಲ್ಕು" ಎಂದಳು. ನಾದಿನಿಯ ಎದುರಿಗೇ!

"ಈಗ ಊಟ ಆಗಿದೆ" ಎಂದೆ.

"ಒಗೆಯೋಕೆ ತಂದಿದೀಯಲ್ಲ, ಆ ಕೋಟು ತಾ." ಅವಳು ಕೋಟಿನ ಹೊಲಿಗೆಗೆ ಹೊಲಿಗೆ ಇಟ್ಟು ಅಳೆದಳು. ಕೋಟು ಮೂವತ್ತನಾಲ್ಕರ ಸೊಂಟಕ್ಕೇ ಕತ್ತರಿಸಿದ್ದು. ಅಂದರೆ ಅಂದೂ ನನ್ನ ಸೊಂಟ ಮೂವತ್ತನಾಲ್ಕೇ. ನನಗೆ ಭೂಮಿ ಬಾಯಿಬಿಟ್ಟಂತಾಯಿತು. ಅಕ್ಕ ನನ್ನ ಕಡೆ ನೋಡಲೂ ಇಲ್ಲ, ಅಂಗಡಿಯ ಬೀಗದಕೈ ಹುಡುಕುತ್ತಿದ್ದಳು.

ಬೀಗ ತೆಗೆದು ಹಳೆಯ ಅಳತೆ ಪುಸ್ತಕ ಬಿಡಿಸಿದೆವು. ನನ್ನ ಮೂವತ್ತೆರಡರ ಪಕ್ಕದಲ್ಲಿ ನೀಲಿ ಸೀಮೆಸುಣ್ಣದ ಒಂದು ಚುಕ್ಕೆ ಇತ್ತು. ಪುಟ ಮಗುಚಿದಂತೆ ಅಲ್ಲೊಬ್ಬರ ಸೊಂಟಕ್ಕೆ, ಇಲ್ಲೊಬ್ಬರ ಸೊಂಟಕ್ಕೆ ಅಂಥದೇ ಚುಕ್ಕೆ. ಅಕ್ಕನ ಕೈಬರಹ ಶುರುವಾದ ಪುಟದಿಂದಾಚೆ ಒಂದೂ ಇಲ್ಲ. ಅಕ್ಕ ಮೇಜು ಒರೆಸುವ ಬಟ್ಟೆ ಎತ್ತಿಕೊಂಡು ನೋಡಿದಳು. "ಅಯ್ಯೋ, ಧೂಳು ಅಂದ್ಕೊಂಡು ದಿನಾ ಒರೆಸ್ತಿದ್ನಲ್ಲೇ!"

ಸೋಮವಾರ ಬೆಳಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಟೇಪಜ್ಜನ ಮುಂದೆ ಪುಸ್ತಕ ಇಟ್ಟಳು. ಅವರು ನಾಚಿಕೊಂಡರು. "ಅಳೆಯುವಾಗ ಕೆಲವರು ಉಸಿರು ಎಳ್ಕೊಂಡು ಹೊಟ್ಟೆ ಒಳಗೆ ಮಾಡ್ಕೋತಾರಮ್ಮ. ಅಂಥವರ ಸೊಂಟನ ನಾಲ್ಕು ಜನರ ಮುಂದೆ ಹೆಂಗೆ ಕೂಗಲಿ? ಉಸಿರು ಬಿಟ್ಟಾಗಿನ ಅಳತೆಗೆ ಎರಡಿಂಚು ಕಡಿಮೆ ಕೂಗಿ, ಯಾರೂ ನೋಡದಾಗ ಚುಕ್ಕೆ ಇಡ್ತೀನಿ. ಕತ್ತರಿಸುವಾಗ ಎರಡಿಂಚು ಸೇರಿಸ್ತೀನಿ."

"ಈ ಸಲ ಯಾಕೆ ಸೇರಿಸ್ಲಿಲ್ಲ?"

"ಹಾಳೆಲಿ ಇದ್ದಂಗೇ ಕತ್ತರಿಸಿ ಅಂದ್ರಲ್ಲ ಯಜಮಾನಿ. ನಾನಂತೂ ಚುಕ್ಕೆ ಇಟ್ಟಿದ್ದೆ, ಕಂಪ್ಯೂಟರು ನೋಡ್ಕೊಂಡಿರುತ್ತೆ ಅಂದ್ಕೊಂಡೆ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಎರಡು ವರ್ಷದಿಂದ ನನ್ನ ಚುಕ್ಕೆ ನನಗೇ ಕಾಣ್ತಿಲ್ಲ. ಕಣ್ಣು ಹೋಯ್ತು ಅಂತ ಯಾರಿಗೂ ಹೇಳ್ದೆ ನೆನಪಿಂದಲೇ ಕತ್ತರಿಸ್ತಿದ್ದೆ."

ಅಕ್ಕ ಅವರ ಎರಡೂ ಕೈ ಹಿಡಿದುಕೊಂಡಳು. "ನಿಮ್ಮ ಕಣ್ಣಿಗೇನೂ ಆಗಿಲ್ಲಜ್ಜ. ನಾನೇ ಒರೆಸಿದ್ದು" ಎಂದು ಹೇಳುವಾಗ ಅತ್ತೇಬಿಟ್ಟಳು. ಟೇಪಜ್ಜ ಮಾತ್ರ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಳೆಯ ಚುಕ್ಕೆಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿ, ಮಗುವಿನಂತೆ ನಕ್ಕರು. ಆ ನಗು ಕಂಡು ನನ್ನ ಕಣ್ಣೂ ತುಂಬಿತು, ಇಸ್ತ್ರಿಯ ಹಬೆ ಎಂದು ಹೇಳಿದೆ. ಪೆಟ್ಟಿಗೆ ಇನ್ನೂ ಕಾದಿರಲಿಲ್ಲ.

ವಿಷಯ ತಿಳಿದ ಯಜಮಾನಿ ಇನ್ನೈದು ಕೋಟುಗಳಿಗೆ ಒಪ್ಪಿದರು. ಅಕ್ಕ ಪ್ರೋಗ್ರಾಂನಲ್ಲಿ ಚುಕ್ಕೆಗೆಂದು ಒಂದು ಜಾಗ ಮಾಡಿದಳು. ಚುಕ್ಕೆ ಇದ್ದರೆ ಕತ್ತರಿಸುವ ಹಾಳೆಯಲ್ಲಿ ಎರಡು ಇಂಚು ಕೂಡುತ್ತದೆ, ಗಿರಾಕಿಗೆ ಕೊಡುವ ಚೀಟಿಯಲ್ಲಿ ಅಜ್ಜ ಕೂಗಿದ್ದೇ ಇರುತ್ತದೆ. ನಾದಿನಿ ಓದಿ ಹುಬ್ಬು ಗಂಟಿಕ್ಕಿದಳು. "ಒಂದೇ ಸೊಂಟಕ್ಕೆ ಎರಡು ಅಳತೆನಾ? ಸುಳ್ಳು ಇದು. ತೆಗೀರಿ ಅತ್ತಿಗೆ."

ಎರಡು ವರ್ಷದಲ್ಲಿ ಅವಳು ತೆಗೆ ಎಂದದ್ದನ್ನೆಲ್ಲ ಅಕ್ಕ ತೆಗೆದಿದ್ದಳು. ಅಂದು ತೆಗೆಯಲಿಲ್ಲ. "ಇದು ತೇಪೆ ಅಲ್ಲ. ನಮ್ಮ ಅಂಗಡಿ ನಡೆಯೋದೇ ಹೀಗೆ" ಎಂದು ಆ ಸಾಲಿನ ಮೇಲೆ ಟಿಪ್ಪಣಿ ಬರೆದಳು: "ಇಲ್ಲಿ ಎರಡು ಇಂಚು ಬೇಕೆಂದೇ ಸೇರಿಸಿದೆ. ಮುಂದೆ ಓದುವವರು ದಯವಿಟ್ಟು ಒರೆಸಬೇಡಿ. ನಾನು ಒಮ್ಮೆ ಒರೆಸಿದ್ದೇನೆ." ನಾದಿನಿ ಎರಡು ಸಲ ಓದಿದಳು. ಆಮೇಲೆ, "ಈಗ ನೀವು ಪ್ರೋಗ್ರಾಂ ಬರೆಯೋರಾದ್ರಿ ಅತ್ತಿಗೆ" ಎಂದಳು. ಅಕ್ಕ ಆ ದಿನವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಐದೂ ಕೂತವು, ಮೂವತ್ತಾರೂ ಕೂತವು. ಊದಿಹೋದೆನೆಂದು ಹೆದರಿದ್ದ ನರ್ಸು ಹೊಸ ಕೋಟಿನ ಗುಂಡಿ ಹಾಕಿಕೊಂಡು, ಚೀಟಿ ನೋಡಿಕೊಂಡು, ಕನ್ನಡಿಗೆ ಎರಡೆರಡು ಸಲ ತಿರುಗಿದಳು. ಮೇಜು ಅಕ್ಕನದಾಯಿತು. ಈಗ ಅವಳು ಪ್ಯಾಂಟಿನ ಪ್ರೋಗ್ರಾಂ ಬರೆಯುತ್ತಿದ್ದಾಳೆ. ಟೇಪಜ್ಜ ಸೀಮೆಸುಣ್ಣ ಬಿಟ್ಟು ನೀಲಿ ಪೆನ್ನಿನಲ್ಲಿ ಚುಕ್ಕೆ ಇಡುತ್ತಾರೆ.

ಮೊನ್ನೆ ನನಗೂ ಹೊಸ ಕೋಟಿನ ಸರದಿ ಬಂತು. ಅಜ್ಜನಿಗೆ ಬಿಡುವಿರಲಿಲ್ಲ, ಅಕ್ಕನೇ ಅಳೆದಳು. ಸತ್ಯ ಗೊತ್ತಿರುವವಳ ಮುಂದೆ ನಾಟಕವೇಕೆ ಎಂದುಕೊಂಡರೂ, ಟೇಪು ಸೊಂಟಕ್ಕೆ ಬರುತ್ತಿದ್ದಂತೆ ನನಗರಿವಿಲ್ಲದೆ ಉಸಿರು ಎಳೆದುಕೊಂಡೆ. ಅವಳು ಅಳತೆ ನೋಡಿದಳು, ಕಂಪ್ಯೂಟರಿನ ಕೀಲಿ ಒತ್ತಿದಳು, ಚೀಟಿ ಹರಿದು ನನ್ನ ಕೈಗಿತ್ತಳು. ಸೊಂಟ ಮೂವತ್ತೆರಡು ಎಂದಿತ್ತು. ನಾನು ಉಸಿರು ಬಿಟ್ಟೆ.