ಎರಡನೆಯ ಪೆಪ್ಪರ್‌ಮಿಂಟು

ಟಕ್, ಟಕ್, ಟಕ್. ಹುಟ್ಟನ್ನು ದೋಣಿಯ ಅಂಚಿಗೆ ಮೂರು ಸಲ ತಟ್ಟುವ ಸದ್ದು. ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೋಗುವ ಬೆಳಗಿನ ದೋಣಿ ಇನ್ನೇನು ಹಗ್ಗ ಬಿಚ್ಚುತ್ತದೆ ಎಂಬುದಕ್ಕೆ ಅದೇ ಬೆಲ್ಲು. ನಮ್ಮ ಮನೆ ದೋಣಿ ಕಟ್ಟುವ ದಕ್ಕೆಯಿಂದ ಎರಡು ಓಣಿ ಹಿಂದೆ. ನಡುವೆ ಮೀನಿನವರ ಗಲಾಟೆ, ಕಾಗೆಗಳ ಗಲಾಟೆ, ಐಸ್ ಪ್ಲಾಂಟಿನ ಮೆಷಿನ್ನು. ಅದೆಲ್ಲದರ ಅಡಿಯಿಂದ ಆ ಮೂರು ಪೆಟ್ಟನ್ನು ಹೆಕ್ಕಿ ತೆಗೆಯಬಲ್ಲವಳು ನಮ್ಮ ಮನೆಯಲ್ಲಿ ಒಬ್ಬಳೇ: ಅಪ್ಪಯ್ಯನ ಅಕ್ಕ, ನನ್ನ ಅತ್ತೆ.

"ತಟ್ಟಿಯಾಯ್ತ್. ಓಡ್ ಹೆಣ್ಣೇ!"

ರಿಬ್ಬನ್ನನ್ನು ಬಾಯಲ್ಲಿ ಕಚ್ಚಿಕೊಂಡು, ಒಂದು ಜಡೆ ಹಾಕಿ ಇನ್ನೊಂದನ್ನು ಹಾಗೇ ಬಿಟ್ಟು ನಾನು ಓಡುತ್ತಿದ್ದೆ. ದೋಣಿಯವನು ನಗುತ್ತಿದ್ದ. "ಹ್ವಾಯ್ ಕಾನ್ವೆಂಟಮ್ಮಾ, ನಾ ತಟ್ಟುದ್ ದೋಣಿಲ್ ಇಪ್ಪರಿಗಲ್ಲ, ನಿಮ್ಮತ್ತೆ ಕೆಮಿಗೆ!"

ನಾಲ್ಕು ವರ್ಷ ನಾನು ಕುಂದಾಪುರದ ಕಾನ್ವೆಂಟ್ ಸ್ಕೂಲಿಗೆ ಒಂದು ದಿನವೂ ಲೇಟಾಗಲಿಲ್ಲ. ಪಂಕ್ಚುಯಾಲಿಟಿಗೆಂದು ಸಿಸ್ಟರ್‌ಗಳು ನನಗೊಂದು ಪ್ರೈಜನ್ನೂ ಕೊಟ್ಟಿದ್ದರು, ನೀಲಿ ರಟ್ಟಿನ ನೋಟ್‌ಬುಕ್ಕು. ನ್ಯಾಯವಾಗಿ ಅದು ಸಿಗಬೇಕಾದದ್ದು ಅತ್ತೆಯ ಕಿವಿಗೆ. ಆ ಕಿವಿಗಳಲ್ಲಿ ಒಂದನ್ನು ಹಾಳು ಮಾಡಿದವಳು ನಾನು. ಈ ಸಂಗತಿಯನ್ನು ಯಾರಿಗೂ, ಅವರಿಗೆ ಕೇಳಿಸುವ ಹಾಗೆ, ನಾನು ಇದುವರೆಗೆ ಹೇಳಿಲ್ಲ.

ಅತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬೋಳು ತಲೆ, ಅದರ ಮೇಲೆ ಕೆಂಪು ಸೀರೆಯ ಸೆರಗು, ಬೆಳಗಿನಿಂದ ಮಡಿ. ಆದರೆ ನಮ್ಮ ಕೇರಿಯಲ್ಲಿ ಅವಳ ಕೈಯಲ್ಲಿ ಮೀಯದ ಮಗುವಿಲ್ಲ. ಕಾಲು ನೀಡಿ ಕೂತು, ಮೊಳಕಾಲ ಮೇಲೆ ಎಳೆಗೂಸನ್ನು ಮಲಗಿಸಿಕೊಂಡು ಬಿಸಿನೀರು ಹೊಯ್ದಳೆಂದರೆ ಕೂಸು ಅಳುವುದನ್ನೇ ಮರೆಯುತ್ತಿತ್ತು. ಹಾಗಾಗಿ ಬೊಂಬಾಯಿಯಲ್ಲಿ ಹೋಟೆಲಿಟ್ಟಿದ್ದ ಚಿಕ್ಕಪ್ಪನಿಗೆ ಎಷ್ಟೋ ವರ್ಷಗಳ ಮೇಲೆ ಮಗುವಾಗುತ್ತದೆಂದಾಗ, ಬಾಣಂತನಕ್ಕೆ ಅಕ್ಕನೇ ಬರಬೇಕು ಎಂದು ಅವರು ಹಟ ಹಿಡಿದರು. ಡಾಕ್ಟರು ಚಿಕ್ಕಮ್ಮನಿಗೆ ಬೆಡ್ ರೆಸ್ಟ್ ಹೇಳಿದ್ದರು. ಹೆರಿಗೆ ಯಾವತ್ತು ಬೇಕಾದರೂ ಆಗಬಹುದಿತ್ತು. ಬಸ್ಸು, ರೈಲು ಹತ್ತಿಳಿದು ಬರಲು ಸಮಯವಿಲ್ಲ, ಬಜಪೆಯಿಂದ ಪ್ಲೇನಿನಲ್ಲಿ ಬನ್ನಿ ಎಂದು ಕಾಗದ ಬಂತು. ಜೊತೆಗೆ ನಾನು. ದಸರಾ ರಜೆ, ಎಂಟನೇ ಕ್ಲಾಸು. ಪ್ಲೇನಿನಲ್ಲಿ ಎಲ್ಲ ಇಂಗ್ಲಿಷ್, ಹುಡುಗಿ ಅಕ್ಕನಿಗೆ ಅರ್ಥ ಹೇಳಲಿ ಎಂದು ಚಿಕ್ಕಪ್ಪನೇ ಬರೆದಿದ್ದರು. ಅಂದರೆ ನನ್ನನ್ನು ಕಳಿಸಿದ್ದೇ ಒಂದು ಕೆಲಸಕ್ಕೆ. ಅವರು ಹೇಳಿದ್ದನ್ನು ಇವಳಿಗೆ ಹೇಳುವುದು, ಅಷ್ಟೇ.

ಕಾಗದದ ಉಳಿದರ್ಧವೆಲ್ಲ ಆರೋಗ್ಯದ ಮಾತು. ಶೀತವಿದ್ದವರು ಪ್ಲೇನ್ ಹತ್ತಕೂಡದು, ಕಿವಿ ಒಡೆಯುತ್ತದೆ. ಶೀತವಿದ್ದವರು ಎಳೆಮಗುವಿನ ಹತ್ತಿರ ಸುಳಿಯಲೂ ಕೂಡದು. ಎರಡು ದಿನ ಮೊದಲಿಂದ ಮೊಸರು, ತಣ್ಣೀರು, ತಲೆಸ್ನಾನ ಬೇಡ. ಅಪ್ಪಯ್ಯ ಜಗಲಿಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದರು. ಮಾರನೇ ದಿನದಿಂದ ಬೆಳಿಗ್ಗೆ ಸಂಜೆ ಕಾಳುಮೆಣಸಿನ ಕಷಾಯ, ನನ್ನ ಫ್ರಾಕಿಗೆ ಪಿನ್ನು ಹಾಕಿ ಸಿಕ್ಕಿಸಿದ ಓಮದ ಗಂಟು.

ಅಷ್ಟರಲ್ಲಿ ತಪ್ಪು ಆಗಿಹೋಗಿತ್ತು. ಹಿಂದಿನ ದಿನವೇ ಸ್ಕೂಲಿಂದ ಬರುವಾಗ ನಾವು ಮೂವರು ಫ್ರೆಂಡ್ಸ್ ಐಸ್ ಪ್ಲಾಂಟಿನ ಬಾಗಿಲಲ್ಲಿ ನಿಂತು, ಮೀನಿನ ಪೆಟ್ಟಿಗೆಗೆ ಹೊಡೆಯುವಾಗ ಸಿಡಿದ ಐಸಿನ ಚೂರುಗಳನ್ನು ಹೆಕ್ಕಿ ಚೀಪಿದ್ದೆವು. ಐಸಿನಿಂದ ಶೀತವಾಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಬರುತ್ತದೆ ಎಂದು ಈಗಿನ ಡಾಕ್ಟರುಗಳು ಹೇಳುತ್ತಾರೆ. ಇರಬಹುದು. ಕ್ಲಾಸಿನಲ್ಲಿ ಆಗ ಅರ್ಧ ಹುಡುಗಿಯರ ಮೂಗು ಸೋರುತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಶೀತವೆಂದರೆ ಮೊದಲ ಪ್ರಶ್ನೆಯೇ ಎಂತ ತಿಂದೆ ಎಂದು. ಮಡಿಯ ಮನೆಯ ಹುಡುಗಿ ಮೀನಿನ ಐಸು ತಿಂದೆ ಎನ್ನುವುದುಂಟೇ? ಅದಕ್ಕಿಂತ ಹೆಚ್ಚಾಗಿ, ಪ್ಲೇನು ತಪ್ಪಿಹೋಗುತ್ತದೆ. ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ನಾನು ಕಷಾಯ ಕುಡಿದು, ಹಿತ್ತಿಲಿಗೆ ಹೋಗಿ ಮೂಗು ಸೀಂಟಿ, ಏನೂ ಇಲ್ಲದವಳಂತೆ ಒಳಗೆ ಬರುತ್ತಿದ್ದೆ.

ಅತ್ತೆಯ ಕಿವಿಗೆ ಅದು ತಪ್ಪಿಸಿಕೊಳ್ಳುತ್ತದೆಯೇ? ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ ಕೇಳಿದಳು.

"ಮೂಗ್ ಕಟ್ಟಿತ್ ಅಲ್ದಾ?"

"ಇಲ್ಲೆ."

"ಇಲ್ಲೆ ಅಂಬ್ದನ್ನೂ ಮೂಗಲ್ಲೇ ಹೇಳ್ತೆ ಅಲ್ಲ ಮಾರಾಯ್ತಿ!"

ನಾನು ಅಳಲು ಶುರುಮಾಡಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಳ್ಬೇಡ. ನಿನ್ನಪ್ಪಯ್ಯಂಗೆ ನಾ ಹೇಳುದಿಲ್ಲೆ. ನೀ ಬಪ್ದಿಲ್ಲೆ ಅಂದ್ರೆ ಆ ಹಕ್ಕಿ ಹೊಟ್ಟೆಯೊಳ್ಗೆ ನಾ ಒಬ್ಳೇ ಹ್ಯಾಂಗೆ ಕೂಕಂಬ್ದ್? ನಾಕ್ ದಿನ ಇತ್ತಲ್ಲ, ಗುಣ ಮಾಡ್ತೆ."

ಮಾಡಿದಳು ಕೂಡ. ಕೊಟ್ಟಿಗೆಯ ಹಿಂದೆ ಬಿಸಿನೀರಿಗೆ ತುಳಸಿ ಹಾಕಿ, ನನ್ನ ತಲೆಯನ್ನೂ ತನ್ನ ತಲೆಯನ್ನೂ ಒಂದೇ ಸೆರಗಿನಡಿ ಮುಚ್ಚಿ ಹಬೆ ಕೊಟ್ಟಳು. ಆಮೇಲೆ ಮಡಿ ಹೋಯಿತೆಂದು ಮತ್ತೊಮ್ಮೆ ಮಿಂದಳು. ಶುಂಠಿ, ಕಲ್ಲುಸಕ್ಕರೆ ಬಾಯಿಗಿಟ್ಟಳು. ನನ್ನ ಶೀತ ಇಳಿಯಿತು. ಎಲ್ಲಿಗೆ ಇಳಿಯಿತು ಎಂದು ನಾನು ಕೇಳಲಿಲ್ಲ.

ಹೊರಟ ದಿನ ದೋಣಿ ದಾಟಿ, ಕುಂದಾಪುರದಿಂದ ಟ್ಯಾಕ್ಸಿ. ಬ್ರಹ್ಮಾವರದಲ್ಲಿ ಡ್ರೈವರ್ ಬಾನೆಟ್ ಎತ್ತಿ ನೀರು ಹೊಯ್ಯುತ್ತಿದ್ದಾಗ ಅತ್ತೆ ಮೂರು ಸಲ ಸೀನಿದಳು. ಬಜಪೆಯವರೆಗೆ ಬಿಡಲೆಂದು ಬಂದು ಮುಂದೆ ಕೂತಿದ್ದ ಅಪ್ಪಯ್ಯ ತಿರುಗಿದರು.

"ಅಕ್ಕಾ, ಶೀತವಾ?"

"ಶೀತವೂ ಇಲ್ಲೆ ಎಂತದೂ ಇಲ್ಲೆ. ಬ್ರಹ್ಮಾವರದ್ ಧೂಳ್."

ಹೇಳಿ, ಸೆರಗಿನಡಿಯಿಂದ ನನ್ನ ತೊಡೆಯನ್ನು ಮೆಲ್ಲಗೆ ಚಿವುಟಿದಳು. ಅವಳ ದನಿ ದಪ್ಪವಾಗಿತ್ತು. ಅದು ನನಗೆ ಗೊತ್ತಾಯಿತು. ಅಪ್ಪಯ್ಯನಿಗೆ ಗೊತ್ತಾಗಲಿಲ್ಲವಲ್ಲ ಎಂದು ಸಂತೋಷವೂ ಆಯಿತು.

ಪ್ಲೇನಿನೊಳಗೆ ನಮ್ಮ ಮುಂದಿನ ಸೀಟಿನಲ್ಲಿ ಸ್ಲೀವ್‌ಲೆಸ್ ತೊಟ್ಟ ಇಬ್ಬರು ಹೆಂಗಸರಿದ್ದರು. ಅವರು ಹಿಂದೆ ತಿರುಗಿ ಅತ್ತೆಯ ತಲೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ನನಗೆ ಕಿಟಕಿಯಿಂದ ಹಾರಿಹೋಗುವಷ್ಟು ನಾಚಿಕೆ. ಅದೇ ಹೊತ್ತಿಗೆ ಏರ್ ಹೋಸ್ಟೆಸ್ ಬಂದಳು, ಕೈಯಲ್ಲಿ ಒಂದು ಟ್ರೇ, ಅದರಲ್ಲಿ ಹತ್ತಿಯ ಉಂಡೆಗಳು ಮತ್ತು ಪೆಪ್ಪರ್‌ಮಿಂಟು. ನಮ್ಮ ಸಿಸ್ಟರ್‌ಗಳಿಗಿಂತ ಚಂದದ ಇಂಗ್ಲಿಷಿನಲ್ಲಿ, ನಿಧಾನವಾಗಿ, ನನಗೆ ಬಿಡಿಸಿ ಹೇಳಿದಳು. ನಿನ್ನ ಗ್ರಾನಿಗೆ ಹೇಳು, ಇದನ್ನು ಚೀಪುತ್ತಾ ಉಗುಳು ನುಂಗುತ್ತಿರಬೇಕು, ಮುಖ್ಯವಾಗಿ ಪ್ಲೇನು ಇಳಿಯುವಾಗ. ಇಲ್ಲವಾದರೆ ಕಿವಿ ತುಂಬಾ ನೋಯುತ್ತದೆ. ಅವರಿಗೆ ಶೀತವೇನಾದರೂ ಇದೆಯೇ?

"ನೋ ಮಿಸ್," ಎಂದೆ. "ಶೀ ಈಸ್ ಫಾಸ್ಟಿಂಗ್."

ಫಾಸ್ಟಿಂಗ್ ಎಂಬ ಶಬ್ದ ಬಾಯಿಗೆ ಬಂದದ್ದಕ್ಕೆ ನನಗೇ ಹೆಮ್ಮೆ. ಮಡಿಯನ್ನು ಹೇಗೆ ವಿವರಿಸುವುದು? ಈ ಮಾತು ಬೇಗ ಮುಗಿಯಲಿ, ಆ ಇಬ್ಬರು ಮುಂದೆ ತಿರುಗಲಿ ಎಂಬುದಷ್ಟೇ ನನಗೆ ಬೇಕಿತ್ತು. ಹಾಗಾದರೆ ಅವರ ಪಾಲೂ ನಿನಗೇ ಎಂದು ಅವಳು ನಕ್ಕು ನನ್ನ ಅಂಗೈಯಲ್ಲಿ ಎರಡು ಪೆಪ್ಪರ್‌ಮಿಂಟು ಇಟ್ಟಳು.

"ಎಂತ ಹೇಳ್ತ್ ಆ ಹೆಣ್ಣ್?" ಅತ್ತೆ ಕೇಳಿದಳು.

"ಎಂತ ಇಲ್ಲೆ. ತಿಂಬುಕೆ ಕೊಡ್ತ್. ನೀ ತಿಂಬ್ದಿಲ್ಲೆ ಅಂದೆ."

"ಒಳ್ಳೇದಾಯ್ತ್. ಯಾರ್ ಮುಟ್ಟಿದ್ದೋ ಏನೋ," ಎಂದು ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಅವಳ ಮಡಿಲಲ್ಲಿ ಬಟ್ಟೆಯ ಒಂದು ಗಂಟಿತ್ತು. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು: ನನ್ನ ಕೆಮ್ಮಿಗೆಂದು ಅವಳೇ ಕಟ್ಟಿಕೊಂಡ ಕಲ್ಲುಸಕ್ಕರೆ. ಅದು ಮಡಿಗೆ ಸಲ್ಲುವ ಪದಾರ್ಥ. ಬಾಯಲ್ಲಿಟ್ಟುಕೊಂಡು ನುಂಗುತ್ತಿರು ಅತ್ತೆ ಎಂಬ ನಾಲ್ಕು ಮಾತು ನನ್ನಿಂದ ಹೊರಟಿದ್ದರೆ ಸಾಕಿತ್ತು. ಅದಕ್ಕೆಂದೇ ತಾನೇ ನನ್ನನ್ನು ಕಳಿಸಿದ್ದು.

ಪ್ಲೇನು ಇಳಿಯತೊಡಗಿದಾಗ ನನ್ನ ಕಿವಿ ಕಟ್ಟಿತು. ಎರಡನೆಯ ಪೆಪ್ಪರ್‌ಮಿಂಟು ಬಾಯಿಗೆ ಹಾಕಿ ನುಂಗಿದೆ, ಪಟ್ ಎಂದು ಬಿಟ್ಟಿತು. ಪಕ್ಕಕ್ಕೆ ನೋಡಿದರೆ ಅತ್ತೆ ತುಟಿ ಬಿಗಿದು, ಕಣ್ಣು ಮುಚ್ಚಿ, ಎಡಗಿವಿಯ ಮೇಲೆ ಅಂಗೈ ಒತ್ತಿ ಕೂತಿದ್ದಳು. ಕಣ್ಣಂಚಿನಿಂದ ನೀರು ಇಳಿಯುತ್ತಿತ್ತು. ಇನ್ನೊಂದು ಕೈ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಆಗಲೂ ಹೇಳಬಹುದಿತ್ತು. ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ನಾನು ಪೆಪ್ಪರ್‌ಮಿಂಟು ಚೀಪುತ್ತಾ ಬೊಂಬಾಯಿಯ ಸಮುದ್ರ ನೋಡಿದೆ.

ಮರುದಿನ ಬೆಳಿಗ್ಗೆ ಅವಳ ತಲೆದಿಂಬಿನ ಮೇಲೆ ಕೆಂಪು ಕಲೆಯಿತ್ತು. ಡಾಕ್ಟರು ಕಿವಿಯೊಳಗೆ ಲೈಟು ಬಿಟ್ಟು ನೋಡಿ ಚಿಕ್ಕಪ್ಪನನ್ನು ಗದರಿಸಿದರು. ಇಷ್ಟು ಶೀತವಿದ್ದವರನ್ನು ಯಾರು ಹತ್ತಿಸಿದ್ದು? ಚೀಪಲಿಕ್ಕೆ ಪ್ಲೇನಿನಲ್ಲಿ ಏನೂ ಕೊಡಲಿಲ್ಲವೇ? ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಕೊಡ್ಲಿಲ್ಯಾ ಮಗಾ?"

"ಇಲ್ಲೆ ಚಿಕ್ಕಪ್ಪಯ್ಯ," ಎಂದೆ.

ಅತ್ತೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಬಲಗಿವಿ ಸರಿಯಾಗಿತ್ತು. ಟ್ರೇಯನ್ನು ಅವಳೂ ನೋಡಿದ್ದಳು. ನನ್ನ ಮುಖವನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡಳು. ಚಿಕ್ಕಪ್ಪ ಆ ಏರ್ ಹೋಸ್ಟೆಸ್ಸನ್ನು ವರ್ಷಗಟ್ಟಲೆ ಬೈದರು. ಪಾಪ, ಅವಳು ಎಷ್ಟು ಬಿಡಿಸಿ ಹೇಳಿದ್ದಳು. ಮಗು ಹುಟ್ಟಿತು. ಶೀತ ಪೂರ್ತಿ ಬಿಡುವವರೆಗೆ, ಹತ್ತು ದಿನ, ಅತ್ತೆ ಅದನ್ನು ಬಾಗಿಲಾಚೆಯಿಂದ ನೋಡಿದಳು. ಯಾರೋ ಆಯಾ ಮೀಯಿಸುತ್ತಿದ್ದಳು. ಒಳಗೆ ಕೂಸು ಅಳುವಾಗ ಅತ್ತೆಯ ಕೈ ತನ್ನ ಮೊಳಕಾಲನ್ನೇ ತಟ್ಟುತ್ತಿತ್ತು.

ಕಿವಿ ಸೋರುವುದು ತಿಂಗಳುಗಟ್ಟಲೆ ನಿಲ್ಲಲಿಲ್ಲ. ಊರಿಗೆ ಬಂದ ಮೇಲೆ ಬೈಂದೂರಿನ ಪಂಡಿತರ ಎಣ್ಣೆ, ಕುಂದಾಪುರದ ಡಾಕ್ಟರ ಡ್ರಾಪ್ಸು, ಎರಡೂ ನಡೆದವು. ಸೋರುವುದು ನಿಂತಾಗ ಎಡಗಿವಿಯಲ್ಲಿ ಕೇಳುವುದೂ ನಿಂತಿತ್ತು. ಬೆಳಿಗ್ಗೆ ಅವಳು ಜಗಲಿಗೆ ಬಂದು, ಬಲಗಿವಿಯನ್ನು ಹೊಳೆಯ ಕಡೆಗೆ ತಿರುಗಿಸಿ ನಿಲ್ಲುತ್ತಿದ್ದಳು. ಒಂದೊಂದು ದಿನ ತಟ್ಟದಿದ್ದರೂ "ತಟ್ಟಿದ್ರಾ ಕಾಣ್?" ಎನ್ನುತ್ತಿದ್ದಳು, ಒಂದೊಂದು ದಿನ ತಟ್ಟಿ ದೋಣಿ ಹೋದ ಮೇಲೂ ಕಾಯುತ್ತಾ ನಿಂತಿರುತ್ತಿದ್ದಳು. ನಾನು ಲೇಟಾಗತೊಡಗಿದೆ. ಕಾರಿಡಾರಿನಲ್ಲಿ ನಿಲ್ಲಿಸಿದರೆ ಸುಮ್ಮನೆ ನಿಲ್ಲುತ್ತಿದ್ದೆ. ಯಾಕೆ ಲೇಟು ಎಂದು ಸಿಸ್ಟರ್ ಕೇಳಿದರೆ ದೋಣಿ ತಪ್ಪಿತು ಎನ್ನುತ್ತಿದ್ದೆ. ಕ್ಯಾಥೊಲಿಕ್ ಹುಡುಗಿಯರು ಸಾಲಾಗಿ ಕನ್ಫೆಷನ್‌ಗೆ ಹೋಗುತ್ತಿದ್ದರು. ಮರದ ಗೂಡಿನ ಪಕ್ಕ ಮೊಣಕಾಲೂರಿ, ಜಾಲರಿಗೆ ಬಾಯಿಟ್ಟು ಆಚೆ ಕೂತ ಪಾದ್ರಿಗೆ ತಮ್ಮ ತಪ್ಪುಗಳನ್ನು ಪಿಸುಗುಟ್ಟಿ, ನಗುತ್ತಾ ಹೊರಗೆ ಬರುತ್ತಿದ್ದರು. ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು.

ಈಗಲೂ ಶೀತವಿದ್ದರೆ ನಾನು ಪ್ಲೇನ್ ಹತ್ತುವುದಿಲ್ಲ. ಟಿಕೆಟ್ ಹೋದರೆ ಹೋಗಲಿ. ಹೋಗುವ ಮುನ್ನ ಬಿಸಿನೀರು, ಹಬೆ, ಕೈ ತೊಳೆಯುವುದು, ಎಲ್ಲ ಶಿಸ್ತಾಗಿ ಮಾಡುತ್ತೇನೆ. ಇಳಿಯುವಾಗ ಪಕ್ಕದವರಿಗೆ, ಗುರುತಿಲ್ಲದವರಿಗೂ, ಕಲ್ಲುಸಕ್ಕರೆ ನೀಡಿ ನುಂಗುತ್ತಿರಿ ಎನ್ನುತ್ತೇನೆ. ಕೆಲವರು ಥ್ಯಾಂಕ್ ಯೂ ಎನ್ನುತ್ತಾರೆ, ಕೆಲವರು ಈ ಮುದುಕಿಗೇನು ಎಂಬಂತೆ ನೋಡುತ್ತಾರೆ.

ಅತ್ತೆಯನ್ನು ನಾನು ಕೊನೆಯ ಸಲ ನೋಡಿದ್ದು ಗಂಗೊಳ್ಳಿಯ ದಕ್ಕೆಯಲ್ಲಿ, ಎಪ್ಪತ್ತನೇ ಇಸವಿಯ ಆಚೀಚೆ. ಆಗ ನನ್ನನ್ನು ಬ್ರಹ್ಮಾವರಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ನಾಲ್ಕು ದಿನಕ್ಕೆಂದು ತವರಿಗೆ ಬಂದು ಹಿಂದಿರುಗುತ್ತಿದ್ದೆ. ಬೇಡವೆಂದರೂ ಅವಳು ಕೋಲೂರಿಕೊಂಡು ದಕ್ಕೆಯವರೆಗೆ ಬಂದು ಕಲ್ಲಿನ ಮೇಲೆ ಕೂತಳು. ಇವತ್ತು ಹೇಳಿಯೇ ಹೋಗಬೇಕು ಎಂದು ನಾನು ನಿಶ್ಚಯಿಸಿದ್ದೆ. ಅವಳ ಪಕ್ಕ ಕೂತೆ, ಎಡಗಡೆಗೆ. ಮರೆತು ಕೂತದ್ದಲ್ಲ. ಅಲ್ಲಿ ಕೂತು, ಹೊಳೆಯನ್ನು ನೋಡುತ್ತಾ, ಎಲ್ಲ ಹೇಳಿದೆ. ಐಸಿನ ಚೂರು, ಟ್ರೇ, ಫಾಸ್ಟಿಂಗ್ ಎಂದದ್ದು, ಎರಡನೆಯ ಪೆಪ್ಪರ್‌ಮಿಂಟು, ಡಾಕ್ಟರ ಮುಂದೆ ಆಡಿದ ಸುಳ್ಳು.

ನನ್ನ ತುಟಿ ಅಲ್ಲಾಡುವುದನ್ನು ಕಂಡಳೋ ಏನೋ. "ಎಂತ ಹೇಳ್ದೆ ಹೆಣ್ಣೇ? ಇತ್ಲಾಗೆ ಬಂದ್ ಹೇಳ್," ಎಂದು ಬಲಗಿವಿಯನ್ನು ಮುಟ್ಟಿ ತೋರಿಸಿದಳು.

ಎದ್ದು ಆ ಕಡೆಗೆ ಹೋಗಿ ಬಗ್ಗಿದೆ.

"ಎಂತ ಇಲ್ಲೆ ಅತ್ತೆ. ಹೋಯಿ ಬತ್ತೆ ಅಂದೆ."

"ಅಷ್ಟೆಯಾ?" ಎಂದಳು.

ಟಕ್, ಟಕ್, ಟಕ್. ಅವಳು ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೇನೋ ಬರುವುದಿದೆ ಎಂಬಂತೆ.

"ತಟ್ಟಿಯಾಯ್ತ್ ಅತ್ತೆ," ಎಂದು ನಾನೇ ಹೇಳಬೇಕಾಯಿತು.

"ಹೌದಾ? ಓಡ್ ಹಂಗಾರೆ, ಓಡ್."

ಓಡಿ ಹತ್ತಿದೆ. ದೋಣಿ ನೀರಿಗೆ ಸರಿದ ಮೇಲೆ ನಿಂತು ಅವಳನ್ನು ಕೂಗಿದೆ, ಎರಡು ಸಲ. ಅವಳು ತಲೆಯೆತ್ತಿ, ಕೂಗು ಬಂದದ್ದು ಎಲ್ಲಿಂದೆಂದು ತಿಳಿಯದೆ, ನಮ್ಮ ಓಣಿಯ ಕಡೆಗೆ ತಿರುಗಿ ನೋಡತೊಡಗಿದಳು.