ಒಳಗಿನ ಚಿಲಕ

ಅಕ್ಕನ ಎಡ ಕಣಕಾಲಿನ ಸುತ್ತ ಬೆರಳಗಲದ ಕಪ್ಪು ಗುರುತಿತ್ತು. ಅಲ್ಲಿ ಚರ್ಮ ನುಣುಪಾಗಿ ಹೊಳೆಯುತ್ತಿತ್ತು. ನಾನು ನೋಡಿದ್ದು ಗೊತ್ತಾಗಿ ಸೀರೆಯ ಅಂಚನ್ನು ಕೆಳಗೆಳೆದುಕೊಂಡಳು. "ನಮ್ಮಣ್ಣ ಬೆಳ್ಳಿ ಕಡಗ ಮಾಡಿಸಿದ್ದ, ತಂಗಿ. ಬಿಗಿ ಆಗಿತ್ತು." ನಾನು ನಂಬಿದೆ. ಇನ್ನೂ ಆರು ಜನರನ್ನು ಕೇಳುವುದಿತ್ತು, ನಂಬುವುದೇ ಸುಲಭವಾಗಿತ್ತು.

ಆಂಧ್ರದ ಗಡಿಯೂರು ಆದೋನಿಯ ಹತ್ತಿ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಮನೆ. ಮನಸ್ಸಿನ ಕಾಯಿಲೆಯಿಂದ ಆಸ್ಪತ್ರೆ ಸೇರಿ, ಗುಣವಾಗಿಯೂ ತಮ್ಮ ಮನೆಗೆ ಹೋಗಲಾಗದ ಏಳು ಹೆಂಗಸರು ಅಲ್ಲಿದ್ದರು. ನಾನು ಅಕ್ಕ ಎನ್ನುತ್ತಿದ್ದವಳು ಅವರಲ್ಲೊಬ್ಬಳು. ನೋಡಿಕೊಳ್ಳಲು ಒಬ್ಬ ವಾರ್ಡನಮ್ಮ. ಆರು ತಿಂಗಳಿಗೊಮ್ಮೆ ಹೋಗಿ, ಆ ಮನೆ ಅವರಿಗೆ ಹೇಗನ್ನಿಸುತ್ತದೆ ಎಂದು ಬರೆದುಕೊಂಡು ಬರುವುದು ನನ್ನ ಕೆಲಸ. ಫಾರಂ ತೆಲುಗಿನಲ್ಲಿ, ನಾನು ಕೇಳುವುದು ಕನ್ನಡದಲ್ಲಿ. ಓದು ಬಾರದವರಿಗೆಂದು ಒಂದು ಕಾರ್ಡು. ಅದರ ಮೇಲೆ ಅಳುವ ಮುಖದಿಂದ ನಗುವ ಮುಖದವರೆಗೆ ಐದು ಚಿತ್ರ.

ಅಕ್ಕ ಪ್ರಶ್ನೆ ಮುಗಿಯುವ ಮೊದಲೇ ನಗುವ ಮುಖದ ಮೇಲೆ ಬೆರಳಿಡುತ್ತಿದ್ದಳು. ಊಟಕ್ಕೂ ಅದೇ, ನೀರಿಗೂ ಅದೇ. ಅಲ್ಲಿಯ ಸಾರನ್ನು ನಾನೂ ಉಂಡಿದ್ದೆ. ಬೇಳೆಯನ್ನು ಹುಡುಕಬೇಕಿತ್ತು. "ಖರೇ ಹೇಳಕ್ಕಾ" ಎಂದರೆ, "ಉಂಡ ಮನಿ ಜಂತಿ ಎಣಿಸಬಾರ್ದು" ಎನ್ನುತ್ತಿದ್ದಳು.

ಒಂದೇ ಒಂದು ಪ್ರಶ್ನೆಗೆ ಅವಳು ಕಾರ್ಡು ಮುಟ್ಟಲಿಲ್ಲ. ಈ ಮನೆಯಲ್ಲಿ ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು ಎಂದಾಗ ನನ್ನ ಕೈಹಿಡಿದು ತನ್ನ ಕೋಣೆಗೆ ಕರೆದೊಯ್ದಳು. ಬಾಗಿಲು ಮುಚ್ಚಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ನೋಡು, ಚಿಲಕ ಒಳಗ ಐತಿ." ನಾನು ಫಾರಂನಲ್ಲಿ 'ಭದ್ರತೆ ಉತ್ತಮ' ಎಂದು ಬರೆದೆ.

ನನ್ನ ಅವ್ವ ತೀರಿಕೊಂಡ ತಿಂಗಳು ಪ್ರಶ್ನೆ ಓದುತ್ತ ಓದುತ್ತಲೇ ನನಗೆ ಅಳು ಬಂತು. ಅಕ್ಕ ಕಾರ್ಡು ಕಸಿದುಕೊಂಡು ನನ್ನ ಕಡೆಗೇ ತಿರುಗಿಸಿದಳು. "ನೀ ತೋರ್ಸು. ಯಾವ್ದು?" ನಾನು ಹೇಗೋ ನಗುವ ಮುಖ ತೋರಿಸಿದೆ. ಅವಳು ಕಾರ್ಡು ಇಳಿಸಲಿಲ್ಲ. "ಅದು ಮಂದಿಗೆ ತೋರ್ಸೋದು. ನಂಗ ತೋರ್ಸು." ಎಷ್ಟು ಹೊತ್ತು ಹಿಡಿದಿದ್ದಳೋ, ಕೊನೆಗೆ ನನ್ನ ಬೆರಳು ಅಳುವ ಮುಖಕ್ಕೆ ಹೋಯಿತು. ಆಮೇಲೆ ಎದ್ದು ಹೋಗಿ ನನಗೊಂದು ರೊಟ್ಟಿ ಬಡಿದುಕೊಟ್ಟಳು.

ಹೋದ ವರ್ಷ ಫಾರಂಗೆ ಹೊಸದೊಂದು ಹಾಳೆ ಸೇರಿತು. ಮನೆಗೆ ಹೋಗಲು ತಯಾರಿದ್ದೀರಾ, ಮನೆಯವರು ಚೆನ್ನಾಗಿ ನೋಡಿಕೊಳ್ಳುತ್ತಾರಾ. ವಾರ್ಡನಮ್ಮ ಪಕ್ಕದಲ್ಲೇ ಕೂತಿದ್ದರು. "ನಮ್ಮಣ್ಣ ದೇವರಂಥಾವ" ಎಂದು ಅಕ್ಕ ನಗುವ ಮುಖ ಮುಟ್ಟಿದಳು. ತವರನ್ನು ಪರರ ಮುಂದೆ ಬಿಟ್ಟುಕೊಡುವ ಹೆಣ್ಣು ನಮ್ಮ ಕಡೆ ಹುಟ್ಟಿಲ್ಲ. ನಾನೂ ಅದೇ ಮಣ್ಣಿನವಳು, ತಿಳಿಯಬೇಕಿತ್ತು. ಐದಕ್ಕೆ ಐದು ಬರೆದೆ.

ನಮ್ಮ ಕಚೇರಿಯವರು ಅವಳ ತವರೂರು ಕೋಸಗಿಗೆ ಹೋಗಿ ಅವಳ ಅಣ್ಣನನ್ನು ಊರ ಹಿರಿಯರ ಎದುರಿಗೇ ಕೇಳಿದರು. "ಒಡಹುಟ್ಟಿದಾಕಿ, ಬ್ಯಾಡ ಅಂತೀನೇನ್ರಿ" ಎಂದ. ನಾಲ್ಕು ಜನರ ಮುಂದೆ ಅವನ ಬಾಯಿಂದಲೂ ಬೇರೆ ಮಾತು ಬರುವಂತಿರಲಿಲ್ಲ. ಇತ್ತ ಆದೋನಿಯ ಮನೆ ಸೇರಲು ಕಾದವರಿದ್ದರು. ಅಕ್ಕನನ್ನು ಊರಿಗೆ ಕಳಿಸುವುದೆಂದಾಯಿತು.

ಹೊರಡುವ ದಿನ ಅವಳು ಕೋಣೆಯ ಚಿಲಕ ಹಿಡಿದು ನಿಂತಿದ್ದಳು.

"ತಂಗಿ, ಆ ನಮ್ಮಣ್ಣನ ಪ್ರಶ್ನಿ ಇನ್ನೊಮ್ಮೆ ಕೇಳವಾ."

"ಫಾರಂ ಆಗ್ಲೇ ಕಳಿಸೀನಕ್ಕಾ."

"ಕಳಿಸಿದ್ರ ಕಳಿಸಿದಿ. ಸುಮ್ನ ಕೇಳು."

"ಪದಮ್ಮಾ, ಆಟೋ ವಚ್ಚಿಂದಿ" ಎಂದು ವಾರ್ಡನಮ್ಮ ಅಂಗಳದಿಂದ ತೆಲುಗಿನಲ್ಲಿ ಅವಸರಪಡಿಸಿದರು, ಆಟೋ ಬಂದಿದೆ ನಡಿ ಎಂದು. "ಮುಂದಿನ ವಾರ ನಾನೇ ಕೋಸಗಿಗೆ ಬರ್ತೀನಿ, ಆವಾಗ ಕೇಳ್ತೀನಿ" ಎಂದೆ. ಚಿಲಕದಿಂದ ಅವಳ ಬೆರಳು ಬಿಡಿಸಿದವಳು ನಾನೇ.

ಹೋದದ್ದು ಎರಡು ತಿಂಗಳ ಮೇಲೆ. ಅವಳ ಅಣ್ಣ ತಲೆ ಬೋಳಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. "ಗುಂಟೂರು ಕಡಿ ಮೆಣಸಿನಕಾಯಿ ಬಿಡಸಾಕ ಹೋಗಿದ್ವಿ, ಮೇಡಂ. ಕರ್ಕೊಂಡು ಹೋದ್ರ ಹಾದ್ಯಾಗ ತಪ್ಪಿಸ್ಕೊಂತಾಳಂತ ಹೆದ್ರಿಕಿ. ಬಾಜು ಮನ್ಯಾರು ದಿನಾ ಅನ್ನ ಇಟ್ಟಾರ. ಜ್ವರ ಬಂದಿದ್ದು ಯಾರಿಗೂ ತಿಳೀಲಿಲ್ಲ." ಅವನು ಬಿಕ್ಕಿ ಬಿಕ್ಕಿ ಅತ್ತ. ಅವನನ್ನು ಬೈಯಲು ನನಗೆ ಯಾವ ಮುಖವಿತ್ತು?

ದನದ ಕೊಟ್ಟಿಗೆಯ ಪಕ್ಕದ ಕೋಣೆ ತೋರಿಸಿದ. ಕಂಬದ ಬುಡದಲ್ಲಿ ಸರಪಳಿ ಬಿದ್ದಿತ್ತು, ತುದಿಯ ಬಳೆ ಕಾಲಿನ ಅಳತೆಯದು. ಬಾಗಿಲಿಗೆ ಚಿಲಕ ಹೊರಗಿತ್ತು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡೆ. ಕೈ ತಾನಾಗಿ ಚಿಲಕ ಹುಡುಕಿತು. ಬರಿಯ ಹಲಗೆ.

ಆ ಕೆಲಸ ಇನ್ನೂ ಬಿಟ್ಟಿಲ್ಲ. ಈಗ ಯಾರಾದರೂ ಪ್ರಶ್ನೆ ಮುಗಿಯುವ ಮೊದಲೇ ನಗುವ ಮುಖ ಮುಟ್ಟಿದರೆ ಬರೆಯುವುದಿಲ್ಲ. ವಾರ್ಡನಮ್ಮನನ್ನು ಹೊರಗೆ ಕಳಿಸಿ ಕಾರ್ಡು ಹಿಡಿದು ಕೂರುತ್ತೇನೆ, ಇನ್ನೊಮ್ಮೆ ಕೇಳುತ್ತೇನೆ. ಹಾಗೆ ಕೇಳುವುದನ್ನು ಕಲಿಸಿದವಳು ಅಕ್ಕ. ಅವಳನ್ನು ಮಾತ್ರ ನಾನು ಒಂದೇ ಸಲ ಕೇಳಿದೆ.